ಹಿಮ್ಮಡಿ ನೋಡಿ ಮಣೆ ಹಾಕಿ

ಮೊಳಕಾಲ್ಮೂರಿನ ರೇಷ್ಮೆ ಸೀರೆಯೊಂದು ನನ್ನ ಹಿಮ್ಮಡಿಗೆ ಸಿಕ್ಕಿ ಹಾಳಾಯಿತು. ಮೊಳಕಾಲಿಗೂ ಹಿಮ್ಮಡಿಗೂ ಇಂಥ ಹಗೆತನ ಇದ್ದೀತೆಂದು ನಾನು ಎಣಿಸಿರಲಿಲ್ಲ. ಮದುವೆಮನೆಯಿಂದ ಬಂದ ನಮ್ಮಾಕೆ ಸೀರೆಯನ್ನು ಗಾಳಿಗೆಂದು ಮಂಚದ ಮೇಲೆ ಹರವಿದ್ದಳು. ಹೋಳಿಗೆ ಊಟದ ಭಾರಕ್ಕೆ ನಾನು ಅದರ ಪಕ್ಕದಲ್ಲೇ ಅಡ್ಡಾದೆ. ನಿದ್ದೆಗಣ್ಣಲ್ಲಿ ಕಾಲು ಎಳೆದುಕೊಂಡಾಗ ಪರಕ್ ಎಂದಿತು. ಎದ್ದು ನೋಡಿದರೆ ಸೆರಗಿನ ಎಳೆಯೊಂದು ಹಿಮ್ಮಡಿಯ ಸೀಳಿನಲ್ಲಿ ಕಚ್ಚಿಕೊಂಡು, ಸಾಲಗಾರನ ಹಿಂದೆ ಬಡ್ಡಿಯವನು ಬಂದ ಹಾಗೆ ನನ್ನ ಹಿಂದೆ ಹಿಂದೆಯೇ ಬರುತ್ತಿದೆ.

“ಇದು ಕಾಲಾ, ಗರಗಸಾನಾ?” ಎಂದಳು.

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಮನುಷ್ಯರೊಬ್ಬರು ನನ್ನ ಹಿಮ್ಮಡಿಯನ್ನು ಗಮನಿಸಿದ್ದು ಅದೇ ಮೊದಲು. ನಾನೂ ನೋಡಿಕೊಂಡಿರಲಿಲ್ಲ. ಮನೆಯಲ್ಲಿ ನಾಲ್ಕು ಕನ್ನಡಿಗಳಿವೆ. ನಾಲ್ಕೂ ಮುಖದ ಎತ್ತರದಲ್ಲಿವೆ. ಕತ್ತು ತಿರುಗಿಸಿ, ಸೊಂಟ ತಿರುಚಿ, ಪತಂಜಲಿಗೂ ಹೊಳೆಯದ ಆಸನವೊಂದರಲ್ಲಿ ಕೂತು ನೋಡಿದೆ. ಮಳೆ ಕೈಕೊಟ್ಟ ವರ್ಷ ವಿಜಯಪುರದ ಕಡೆಯ ಎರೆಹೊಲ ಬಾಯಿಬಿಟ್ಟ ಹಾಗಿತ್ತು. ಬರಪೀಡಿತ ಎಂದು ಘೋಷಿಸಿ ಅಧ್ಯಯನ ತಂಡ ಕಳಿಸುವುದೊಂದು ಬಾಕಿ.

ನಾವು ಪಾದಪೂಜೆಯ ಜನ. ಗುರುವಿನ ಪಾದ, ಹಿರಿಯರ ಪಾದ, ಟಿಕೆಟ್ ಹಂಚುವ ತಿಂಗಳಲ್ಲಿ ವರಿಷ್ಠರ ಪಾದ. ಆದರೆ ಬೀಳುವುದೆಲ್ಲ ಮುಂಗಾಲಿಗೇ. ಹಿಮ್ಮಡಿಗೆ ಅಡ್ಡಬಿದ್ದವರನ್ನು ನಾನಂತೂ ಕಂಡಿಲ್ಲ. ಸೊಸೆಯ ಕಾಲ್ಗುಣ ನೋಡುವ ಅತ್ತೆಯಂದಿರೂ ಹೊಸ್ತಿಲ ಮೇಲಿನ ಸೇರು ಒದೆಯುವ ಹೆಬ್ಬೆರಳನ್ನು ನೋಡುತ್ತಾರೆಯೇ ಹೊರತು, ಹಿಂದೆ ನೆಲಕ್ಕೆ ಕಚ್ಚಿ ನಿಂತು ಮೈಭಾರ ಹೊತ್ತದ್ದು ಯಾರು ಎಂದು ಕೇಳುವುದಿಲ್ಲ.

ನಮ್ಮಲ್ಲಿ ಹಿಮ್ಮಡಿಯ ಮೇಲೆ ಕಣ್ಣಿಟ್ಟವನು ಒಬ್ಬನೇ, ಶನಿ. “ಹಿಮ್ಮಡಿ ನೆನೆಯೋ ಹಾಗೆ ಕಾಲು ತೊಳಿ, ಒಣಗಿದ್ರೆ ಅಲ್ಲಿಂದ ಶನಿ ಹೊಕ್ತಾನೆ” ಎಂದು ಅಜ್ಜಿ ಬಚ್ಚಲ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಮಹಾಭಾರತದ ನಳನ ಕಥೆಯಲ್ಲಿ ಕಲಿಪುರುಷ 12 ವರ್ಷ ಹೊಂಚು ಹಾಕಿ ಕಾದ. ಒಂದು ದಿನ ಅರಸ ಕಾಲು ತೊಳೆಯದೆ ಸಂಧ್ಯೆಗೆ ಕೂತ. ಅಷ್ಟೇ ಸಂದು ಸಾಕಾಯಿತು. ಹೊಕ್ಕ, ಪಗಡೆ ಆಡಿಸಿದ, ರಾಜ್ಯ ಕಳೆಸಿದ, ಉಟ್ಟ ಬಟ್ಟೆಯನ್ನೂ ಬಿಡಲಿಲ್ಲ. ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡದ ಜಗಲಿಗಳಿಗೆ ಇಳಿದ ಈ ಕಥೆ ಅಜ್ಜಿಯ ಬಾಯಿಗೆ ಬರುವ ಹೊತ್ತಿಗೆ ಕಲಿ ಶನಿಯಾಗಿದ್ದ, ಪಾದ ಹಿಮ್ಮಡಿಯಾಗಿತ್ತು. ಜರನೆಂಬ ಬೇಡ ಬಾಣ ಬಿಟ್ಟಾಗ ಕೃಷ್ಣನಿಗೆ ತಗುಲಿದ್ದೂ ಪಾದಕ್ಕೆ. ಅವತಾರಪುರುಷರಿಗೇ ಕಾಲಿನ ಕಾವಲು ಸಾಲದಾಗಿದ್ದ ಮೇಲೆ, ಬೆಳಗ್ಗೆ ಎರಡು ತಂಬಿಗೆ ನೀರು ಸುರಿದುಕೊಂಡು ಬಸ್ಸಿಗೆ ಓಡುವ ನನ್ನದೇನು?

ಶರೀರಶಾಸ್ತ್ರ ಓದಿದರೆ ಶನಿಯ ಆಯ್ಕೆ ಸರಿಯೇ ಎನಿಸುತ್ತದೆ. ಅಂಗೈ ಅಂಗಾಲುಗಳಲ್ಲಿ ಚರ್ಮಕ್ಕೆ ಎಣ್ಣೆ ಸುರಿಸುವ ಗ್ರಂಥಿಗಳೇ ಇಲ್ಲ. ಬೆವರಿನ ಗ್ರಂಥಿಗಳು ಮಾತ್ರ ಕಿಕ್ಕಿರಿದಿವೆ. ಮೆರೆಯುವ ಮುಖಕ್ಕೆ ಎಣ್ಣೆ, ದುಡಿಯುವ ಕೈಕಾಲಿಗೆ ಬೆವರು. ಬ್ರಹ್ಮನೂ ಬಜೆಟ್ ಮಂಡಿಸಿದ್ದು ನಮ್ಮವರ ಹಾಗೆಯೇ. ನಿಂತಾಗ ನಡೆದಾಗ ಭಾರದ ದೊಡ್ಡ ಪಾಲು ಹಿಮ್ಮಡಿಯ ಕೊಬ್ಬಿನ ಮೆತ್ತೆಯ ಮೇಲೆ ಬೀಳುತ್ತದೆ. ಮೆತ್ತೆ ಅಕ್ಕಪಕ್ಕಕ್ಕೆ ಹರಡಿಕೊಳ್ಳುತ್ತದೆ. ಅದನ್ನು ಹಿಡಿದಿಡಬೇಕಾದ ಅಂಚಿನ ಚರ್ಮ ಮೆದುವಾಗಿದ್ದರೆ ಹಿಗ್ಗಿ ಕುಗ್ಗಿ ಸಂಭಾಳಿಸುತ್ತದೆ. ಒತ್ತಡಕ್ಕೆ ಗಟ್ಟಿಯಾಗಿ, ದಡ್ಡುಗಟ್ಟಿ, ಒಣಗಿದ್ದರೆ ಹಪ್ಪಳದ ಅಂಚಿನಂತೆ ಸೀಳುತ್ತದೆ. ಹಿಂಬದಿಗೆ ಪಟ್ಟಿಯಿಲ್ಲದ ಚಪ್ಪಲಿ, ಬರಿಗಾಲು, ಗ್ರಾನೈಟ್ ನೆಲ, ಚಳಿಗಾಲದ ಒಣಗಾಳಿ, ಏರಿದ ತೂಕ, ಇವೆಲ್ಲ ಆ ಸೀಳಿಗೆ ಕೈಜೋಡಿಸುತ್ತವೆ. ದಪ್ಪ ಚರ್ಮದವರಿಗೆ ಏನೂ ಆಗುವುದಿಲ್ಲ ಎನ್ನುವುದು ರಾಜಕೀಯದಲ್ಲಿ ನಿಜ. ಹಿಮ್ಮಡಿಯ ಲೆಕ್ಕ ಉಲ್ಟಾ: ದಪ್ಪಗಾದಷ್ಟೂ ಒಡೆಯುತ್ತದೆ.

ಇದು ತಿಳಿಯುವ ಮೊದಲೇ ನಾನು ಒಂದು ತಪ್ಪು ಮಾಡಿದೆ. ನಾಲ್ಕು ಜನರಿಗೆ ಹೇಳಿದೆ.

ಕನ್ನಡನಾಡಿನಲ್ಲಿ ಎರಡು ವಿಷಯಕ್ಕೆ ಪುಕ್ಕಟೆ ಸಲಹೆ ಬರುವುದು ನಿಲ್ಲುವುದಿಲ್ಲ. ಒಂದು ಮಗಳ ಮದುವೆ, ಇನ್ನೊಂದು ಒಡೆದ ಕಾಲು. ಚಿಕ್ಕಮ್ಮ ಫೋನಿನಲ್ಲೇ ಮೇಣದಬತ್ತಿ ಕರಗಿಸಿ ಸಾಸಿವೆ ಎಣ್ಣೆಯಲ್ಲಿ ಕಲಸಿದಳು. ಆಫೀಸಿನ ಗೆಳೆಯ ಬಾಳೆಹಣ್ಣಿನ ಸಿಪ್ಪೆ ಎಂದ; ಹಣ್ಣು ಅವನು ತಿಂದು ಸಿಪ್ಪೆ ನನಗೆ ಕೊಟ್ಟ. ಎದುರುಮನೆಯವರು ನಿಂಬೆಹಣ್ಣು, ಉಪ್ಪು ಎಂದರು. ಗಾಯಕ್ಕೆ ಉಪ್ಪು ಸವರುವುದು ಬರೀ ನುಡಿಗಟ್ಟು ಅಂದುಕೊಂಡಿದ್ದೆ, ಆ ರಾತ್ರಿ ಅನುಭವಕ್ಕೆ ಬಂತು. ವಾಟ್ಸಾಪಿನಲ್ಲಿ ಟೂತ್‌ಪೇಸ್ಟ್ ಬಂತು, ಹತ್ತು ಜನಕ್ಕೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ ಎಂಬ ಒಕ್ಕಣೆಯೊಂದಿಗೆ. ಚಪ್ಪಲಿ ಅಂಟಿಸುವ ಗೋಂದಿನಿಂದ ಬಿರುಕು ಮುಚ್ಚಿಕೊಂಡ ಮಹಾನುಭಾವನೂ ಸಿಕ್ಕಿದ. ಆಳವಾದ ಸೀಳನ್ನು ಒಂದು ಬಗೆಯ ಅಂಟಿನಿಂದ ವೈದ್ಯರೂ ಕೂಡಿಸುವುದುಂಟು, ಆದರೆ ಅದು ಗಾಯಕ್ಕೆಂದೇ ಮಾಡಿದ ಅಂಟು, ಮೂಲೆಯಂಗಡಿಯ ಟ್ಯೂಬಲ್ಲ. ಇವನ ಹಿಮ್ಮಡಿಗೆ ಚಪ್ಪಲಿಯೇ ಅಂಟಿಕೊಂಡು ಕೂತಿತ್ತೆಂದು ಅವನ ಹೆಂಡತಿ ಹೇಳಿದರು.

ಭಾವಮೈದುನನದು ಶಸ್ತ್ರಚಿಕಿತ್ಸಾ ಮಾರ್ಗ. ಭಾನುವಾರ ಗಡ್ಡ ಹೆರೆದ ಬ್ಲೇಡಿನಲ್ಲೇ ಹಿಮ್ಮಡಿಯನ್ನೂ ಹೆರೆದುಕೊಳ್ಳುತ್ತಾನೆ. “ಸತ್ತ ಚರ್ಮ ಭಾವ, ನೋವೇ ಇಲ್ಲ.” ನಾಲ್ಕನೆಯ ಭಾನುವಾರ ಬದುಕಿದ ಚರ್ಮ ಸಿಕ್ಕಿತು. ಒಂದು ವಾರ ಕುಂಟಿದ. ಕುಂಟುತ್ತಲೇ ನನ್ನ ಮನೆಗೆ ಬಂದು ಬ್ಲೇಡಿನ ಬ್ರ್ಯಾಂಡ್ ಬದಲಿಸಬೇಕೆಂಬ ಸಂಶೋಧನೆ ಮಂಡಿಸಿ ಹೋದ. ದಡ್ಡು ಬೆಳೆಯುವುದು ಒತ್ತಡದಿಂದ. ಒತ್ತಡ ಹಾಗೇ ಇದ್ದರೆ ಹೆರೆದಷ್ಟೂ ಮತ್ತೆ ಬೆಳೆಯುತ್ತದೆ ಎಂದು ಆಮೇಲೆ ವೈದ್ಯರು ವಿವರಿಸಿದರು. ಜಾತ್ರೆಯಲ್ಲಿ ಕೊಳವೆ ಇಟ್ಟು ಹೀರಿ “ನೋಡಿ ಸ್ವಾಮಿ, ಆಣಿಯ ಬೇರು” ಎಂದು ಬಿಳಿ ಎಳೆ ತೋರಿಸುವವರ ಗುಟ್ಟೂ ಆಗಲೇ ತಿಳಿದದ್ದು. ಆಣಿಗೆ ಬೇರೇ ಇಲ್ಲ. ಎಳೆ ಅವರ ಕೈಚಳಕದ್ದು. ಒಳಗೆ ಕರಿಚುಕ್ಕಿಗಳಿದ್ದು, ಎರಡು ಬದಿಯಿಂದ ಹಿಸುಕಿದರೆ ನೋಯುವುದು ಆಣಿಯಲ್ಲವೇ ಅಲ್ಲ, ವೈರಸ್ಸಿನ ನರಹುಲಿ ಇರಬಹುದಂತೆ. ಅದನ್ನು ಕೆರೆದರೆ ಪಕ್ಕದ ಸೈಟಿಗೂ ಬೇಲಿ ಹಾಕಿಕೊಳ್ಳುತ್ತದೆ.

ಮೀನಿನ ಕಥೆ ಹೇಳದಿದ್ದರೆ ತಪ್ಪಾಗುತ್ತದೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಮಾಲ್‌ಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಭಾಗ್ಯ ಬಂದಿತ್ತು, ನೆನಪಿದೆಯೇ? ಗಾರಾ ರೂಫಾ ಎಂಬ ಟರ್ಕಿ ಕಡೆಯ ಪುಟ್ಟ ಮೀನು ನಿಮ್ಮ ಸತ್ತ ಚರ್ಮ ತಿಂದು ಸಂತೃಪ್ತಿಯಿಂದ ಬಾಲ ಅಲ್ಲಾಡಿಸುತ್ತದೆ, ನೀವು ಅದಕ್ಕೆ ದುಡ್ಡು ಕೊಡುತ್ತೀರಿ. ಕರಾವಳಿಯವರು ದುಡ್ಡು ಕೊಟ್ಟು ಮೀನು ತಿಂದಾರು. ಮೀನಿಗೆ ತಿನ್ನಿಸಿ ಮೇಲೆ ದಕ್ಷಿಣೆಯನ್ನೂ ಕೊಡುವುದು ರಾಜಧಾನಿಯ ನಾಗರಿಕತೆ. ನನ್ನ ಮುಂದಿನವರು ಕಾಲೆತ್ತಿದ ತೊಟ್ಟಿಗೇ ನಾನು ಕಾಲಿಟ್ಟೆ. ಅದೇ ನೀರು, ಅದೇ ಮೀನು, ಅವರ ಊಟದ ಪಂಕ್ತಿ ಮುಗಿದು ನನ್ನದು ಶುರು. ಮೀನನ್ನು ಡೆಟಾಲಿನಲ್ಲಿ ಅದ್ದಿ ತೊಳೆಯಲಾಗುವುದಿಲ್ಲ ಎಂಬ ಸರಳ ಕಾರಣಕ್ಕೇ ಅಮೆರಿಕದ ಹಲವು ರಾಜ್ಯಗಳು ಇದನ್ನು ನಿಷೇಧಿಸಿದವು. ಒಡೆದ ಹಿಮ್ಮಡಿ ಎಂದರೆ ತೆರೆದ ಬಾಗಿಲು. ಅಜ್ಜಿ ಹೇಳಿದ ಶನಿ ಸೂಕ್ಷ್ಮಜೀವಿಯ ವೇಷದಲ್ಲಿ ಈಜಿಕೊಂಡೇ ಬರಬಲ್ಲ.

ಈ ಸಲ ಸಲಹೆಗಳೆಲ್ಲ ಮುಗಿದ ಮೇಲೆ ಮೆಡಿಕಲ್ ಶಾಪಿಗೆ. ಯಾವ ಅಂಗಡಿ ಎಂದು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಕೌಂಟರಿನ ಆಚೆಯ ಹುಡುಗ ನನ್ನ ಕಾಲನ್ನು ನೋಡಲಿಲ್ಲ, ಮುಖ ನೋಡಿದ. ಮುಖ ನೋಡಿ ಮಣೆ ಹಾಕುವ ನಾಡಿನಲ್ಲಿ ಮುಖ ನೋಡಿ ಮುಲಾಮು. ಹಚ್ಚಿದ ಮೂರನೆಯ ದಿನಕ್ಕೆ ತುರಿಕೆ ಮಾಯ, ಕೆಂಪು ಮಾಯ. ಮೂರು ವಾರಕ್ಕೆ ಎರಡೂ ದುಪ್ಪಟ್ಟಾಗಿ ವಾಪಸ್. ಟ್ಯೂಬಿನ ಹಿಂದೆ ಇರುವೆಗಾತ್ರದ ಅಕ್ಷರದಲ್ಲಿ ಸಮ್ಮಿಶ್ರ ಸರ್ಕಾರವೇ ಇತ್ತು: ಒಂದು ಸ್ಟೀರಾಯ್ಡ್, ಒಂದು ಶಿಲೀಂಧ್ರನಾಶಕ, ಒಂದು ಆ್ಯಂಟಿಬಯಾಟಿಕ್. ಯಾರು ಏನು ಕೆಲಸ ಮಾಡುತ್ತಿದ್ದಾರೆ ಎಂಬುದು ಒಳಗಿನವರಿಗೂ ಗೊತ್ತಿಲ್ಲ. ಸ್ಟೀರಾಯ್ಡ್ ಉರಿಯನ್ನು ಮುಚ್ಚಿಹಾಕುತ್ತದೆ. ಅದರ ಮರೆಯಲ್ಲಿ ಶಿಲೀಂಧ್ರ ಬೇಸಾಯ ವಿಸ್ತರಿಸುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಈ ಮುಲಾಮುಗಳ ದುರ್ಬಳಕೆ ಎಷ್ಟು ಬೆಳೆಯಿತೆಂದರೆ, ಚರ್ಮವೈದ್ಯರ ಅಖಿಲ ಭಾರತ ಸಂಘ ಐಎಡಿವಿಎಲ್ ಇದರ ವಿರುದ್ಧ ಕಾರ್ಯಪಡೆಯನ್ನೇ ಕಟ್ಟಬೇಕಾಯಿತು. ಹಪ್ಪಳ ಸಂಡಿಗೆ ಮಾರಲೂ ಲೈಸೆನ್ಸ್ ಕೇಳುವ ದೇಶದಲ್ಲಿ ಸ್ಟೀರಾಯ್ಡ್ ಮಾತ್ರ ಚಿಲ್ಲರೆ ಇಲ್ಲದಾಗ ಕೊಡುವ ಚಾಕಲೇಟಿನಷ್ಟು ಸಲೀಸು.

ಕೊನೆಗೆ ಚರ್ಮವೈದ್ಯರ ಬಳಿ ಹೋದದ್ದು, ಬೇರೆ ಯಾರೂ ಉಳಿದಿರಲಿಲ್ಲವೆಂದು. ಅವರು ಮೊದಲು ಚಪ್ಪಲಿ ನೋಡಿದರು. ಆಮೇಲೆ ಎರಡೂ ಅಂಗಾಲು, ಬೆರಳ ಸಂದು, ಉಗುರು. ಮೊಣಕೈ ಮತ್ತು ತಲೆ ಯಾಕೆ ನೋಡಿದರೆಂದು ಅರ್ಥವಾಗಲಿಲ್ಲ. ಸೋರಿಯಾಸಿಸ್ ಇದ್ದರೆ ಅಲ್ಲಿಯೂ ಗುರುತು ಬಿಟ್ಟಿರುತ್ತದಂತೆ. ಎಡಗಾಲಿನ ಚರ್ಮದ ಗೆರೆಗಳಲ್ಲಿ ಮೈದಾ ಉದುರಿಸಿದಂಥ ಬಿಳುಪಿತ್ತು. ಅದನ್ನು ಕೆರೆದು, ಗಾಜಿನ ಮೇಲಿಟ್ಟು, ಹನಿ ಪೊಟ್ಯಾಷ್ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ತೋರಿಸಿದರು. ಎಳೆ ಎಳೆಯಾಗಿ ಶಿಲೀಂಧ್ರ. ಇಷ್ಟು ದಿನ ನಾನು ಒಣಚರ್ಮವೆಂದು ಎಣ್ಣೆ ಕುಡಿಸಿ ಸಾಕಿದ್ದು ಇದನ್ನು.

“ಸಕ್ಕರೆ ಪರೀಕ್ಷೆ ಮಾಡಿಸಿದ್ದೀರಾ? ಥೈರಾಯ್ಡ್?” ಎಂದರು. ಇಲ್ಲವೆಂದೆ. ಥೈರಾಯ್ಡ್ ಮಂದವಾದರೂ ಚರ್ಮ ಒಣಗಿ ಕಾಲು ಒಡೆಯುತ್ತದಂತೆ. ಬರೆದುಕೊಟ್ಟರು. ಆಮೇಲೆ ನನ್ನ ಪಕ್ಕಕ್ಕೆ ತಿರುಗಿ, “ನಿಮ್ಮ ಕಾಲು ತೋರಿಸಿಯಮ್ಮ” ಎಂದರು.

ನಮ್ಮಾಕೆ ಕಾಲುಚೀಲ ಬಿಚ್ಚಿದಳು. ನನ್ನದು ಎರೆಹೊಲವಾದರೆ ಅದು ಭೂಕಂಪ. ಎರಡು ಕಡೆ ರಕ್ತ ಒಣಗಿತ್ತು. ಅವಳು ಮನೆಯಲ್ಲೂ ಕಾಲುಚೀಲ ಹಾಕುವುದನ್ನು ನಾನು ಐದಾರು ವರ್ಷದಿಂದ ನೋಡಿದ್ದೇನೆ. ಚಳಿಯ ಮೈ ಅಂದುಕೊಂಡಿದ್ದೆ. ನನ್ನ ಹಿಮ್ಮಡಿಯನ್ನು ಇಪ್ಪತ್ತಾರು ವರ್ಷ ಯಾರೂ ನೋಡಲಿಲ್ಲವೆಂದು ಈ ಬರಹದ ಮೊದಲಲ್ಲಿ ಗೋಳಾಡಿದವನು ನಾನೇ. ವೈದ್ಯರು ನನ್ನ ಕಡೆ ನೋಡದೆ ಹೇಳಿದರು: ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಕೆಲವು ಹೆಂಗಸರಿಗೆ ಹಿಮ್ಮಡಿ ಹೀಗೆ ದಡ್ಡುಗಟ್ಟಿ ಒಡೆಯುತ್ತದೆ, ಡೆನ್ಮಾರ್ಕಿನ ಹಾಕ್ಸ್ಟ್‌ಹೌಸನ್ ಎಂಬ ಚರ್ಮವೈದ್ಯ 1934ರಲ್ಲೇ ಅದನ್ನು ಬರೆದಿಟ್ಟ. ದೂರದ ಕೋಪನ್‌ಹೇಗನ್ನಿನವನಿಗೆ ಕಂಡದ್ದು ಒಂದೇ ಮಂಚದ ಇನ್ನೊಂದು ಬದಿಗೆ ಕಂಡಿರಲಿಲ್ಲ. “ದಿನಕ್ಕೆ ಎಷ್ಟು ಹೊತ್ತು ನಿಲ್ತೀರಿ?” ಎಂದು ಅವರು ಕೇಳಿದಾಗ ಆಕೆ, “ಅಡುಗೆಮನೇಲಿ ಕೂರೋಕೆ ಜಾಗ ಎಲ್ಲಿದೆ ಡಾಕ್ಟ್ರೆ” ಎಂದಳು. ನಮ್ಮದು ಮಾಡ್ಯುಲರ್ ಕಿಚನ್ನು. ಚಿಮಣಿಗೆ ಜಾಗವಿದೆ, ಓವನ್ನಿಗೆ ಇದೆ, ತೂಗುಹಾಕಿದ ಸೌಟುಗಳಿಗೂ ಇದೆ. ಮಣೆಯನ್ನು ಹಳೆ ಸಾಮಾನಿನವನಿಗೆ ಕೊಟ್ಟಿದ್ದು ನಾನೇ.

ನನಗೆ ಶಿಲೀಂಧ್ರನಾಶಕ ಬರೆದರು, ವಾರಗಟ್ಟಲೆ ಹಚ್ಚಬೇಕು, ಕಡಿಮೆಯಾಯಿತೆಂದು ನಡುವೆ ಬಿಡಬಾರದು. ಇಬ್ಬರಿಗೂ ಸೇರಿ ಯೂರಿಯಾ ಬರೆದರು.

“ಗದ್ದೆಗೆ ಹಾಕೋದಾ ಸಾರ್?”

ಅದೇ. ಸೊಸೈಟಿ ಮುಂದೆ ರೈತರು ಸರದಿ ನಿಂತು ತರುವ, ಮೂಟೆ ಬಂದಿಲ್ಲವೆಂದರೆ ವಿಧಾನಸಭೆಯಲ್ಲಿ ಕೋಲಾಹಲವಾಗುವ ಯೂರಿಯಾ. 1828ರಲ್ಲಿ ಜರ್ಮನಿಯ ವೋಲರ್ ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದ ಈ ವಸ್ತು ನಮ್ಮ ಚರ್ಮದಲ್ಲಿ ತಾನಾಗಿಯೇ ಇದ್ದು ನೀರನ್ನು ಹಿಡಿದಿಡುತ್ತದೆ. ಕ್ರೀಮಿನಲ್ಲಿ ನೂರಕ್ಕೆ 10ರಷ್ಟಿದ್ದರೆ ತೇವ ಕೊಡುತ್ತದೆ; 20, 25ಕ್ಕೆ ಏರಿದರೆ ಗಟ್ಟಿ ಚರ್ಮವನ್ನು ಸಡಿಲಿಸಿ ಕರಗಿಸುತ್ತದೆ. ಗದ್ದೆಯ ಯೂರಿಯಾ 45 ಕಿಲೋ ಮೂಟೆಗೆ 266 ರೂಪಾಯಿ ಚಿಲ್ಲರೆ. ನನ್ನ ಹೆಬ್ಬೆಟ್ಟುಗಾತ್ರದ ಟ್ಯೂಬು ಅದಕ್ಕಿಂತ ದುಬಾರಿ. ಸಬ್ಸಿಡಿ ಇರುವುದು ನೆಲ ಬಿರುಕು ಬಿಟ್ಟವರಿಗೆ ಮಾತ್ರ, ಕಾಲು ಬಿರುಕು ಬಿಟ್ಟವರಿಗಿಲ್ಲ. ಹಾಗೆಂದು ಮೂಟೆಗೆ ಕೈ ಹಾಕಬೇಡಿ. ಅದರಲ್ಲಿ ಕಾಲು ಅದ್ದಿದರೆ ಪೈರೂ ಬರುವುದಿಲ್ಲ, ಚರ್ಮವೂ ಉಳಿಯುವುದಿಲ್ಲ.

ಉಳಿದ ಚಿಕಿತ್ಸೆ ಕೇಳಿ ನನಗೆ ನಿರಾಸೆಯಾಯಿತು. ರಾತ್ರಿ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು. ಕುದಿಯುವ ನೀರಲ್ಲ, ಅದು ಇರುವ ಜಿಡ್ಡನ್ನೂ ಎಳೆಯುತ್ತದೆ. ನೆನೆದ ಚರ್ಮವನ್ನು ಉಜ್ಜುಗಲ್ಲಿನಿಂದ ಮೆಲ್ಲಗೆ ತಿಕ್ಕುವುದು, ತಿಕ್ಕುವುದೆಂದರೆ ಪಾತ್ರೆಯ ತಳದ ಮಸಿಯಂತೆ ಅಲ್ಲ. ಒರೆಸಿ, ತೇವ ಆರುವ ಮೊದಲೇ ಕ್ರೀಮು, ಬೇಕಿದ್ದರೆ ಮೇಲೊಂದು ಪದರ ವ್ಯಾಸಲೀನ್, ಹತ್ತಿಯ ಕಾಲುಚೀಲ, ನಿದ್ದೆ. ರಕ್ತ ಬರುವಷ್ಟು ಆಳದ ಸೀಳಿದ್ದರೆ ಉಜ್ಜುವುದು ಬೇಡ, ಮೊದಲು ಗಾಯ ಮಾಯಲಿ. ಕೆಂಪಗೆ ಬಾತು, ಬಿಸಿಯಾಗಿ, ಕೀವೋ ಜ್ವರವೋ ಬಂದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಓಡಬೇಕು, ಅಂದರೆ ಯಾರಾದರೂ ಎತ್ತಿಕೊಂಡು ಓಡಬೇಕು. ಹಗಲಿಗೆ ಹಿಮ್ಮಡಿಯನ್ನು ಸುತ್ತ ಹಿಡಿಯುವ ಮೆತ್ತನೆಯ ಪಾದರಕ್ಷೆ. ಇದನ್ನು ದಿನವೂ, ವಾರಗಟ್ಟಲೆ. ಇಷ್ಟೇ. ಮಂತ್ರವಿಲ್ಲ, ಮೀನಿಲ್ಲ, ಜಾಹೀರಾತಿನಲ್ಲಿ ಮೆಟ್ಟಿಲಿಳಿದು ಬರುವ ನಟಿಯಿಲ್ಲ. ಇಷ್ಟು ಸಪ್ಪೆಯಾದದ್ದನ್ನು ಯಾರು ಮಾಡುತ್ತಾರೆ?

ವ್ಯಾಸಲೀನಿನ ಹೆಸರು ಬಂತೆಂದು ಹೇಳುತ್ತೇನೆ. 1872ರಲ್ಲಿ ಅದರ ಪೇಟೆಂಟು ಪಡೆದ ಚೀಸ್‌ಬರೋ, ದಿನಕ್ಕೊಂದು ಚಮಚ ವ್ಯಾಸಲೀನ್ ತಿನ್ನುತ್ತೇನೆ ಎಂದು ಹೇಳಿಕೊಳ್ಳುತ್ತಿದ್ದ. 96 ವರ್ಷ ಬದುಕಿದ. ಇದನ್ನು ಭಾವಮೈದುನನಿಗೆ ಹೇಳಬೇಡಿ.

ಸುಶ್ರುತಸಂಹಿತೆಯಲ್ಲಿ ಈ ರೋಗಕ್ಕೆ ಪಾದದಾರಿ ಎಂಬ ಚಂದದ ಹೆಸರಿದೆ. ಅತಿಯಾಗಿ ನಡೆಯುವವನ ಒಣಗಿದ ಪಾದಕ್ಕೆ ಬರುವುದು ಎಂದು ಕಾರಣವನ್ನೂ ಹೇಳಿದೆ, ಜೇನುಮೇಣ, ಕೊಬ್ಬು, ತುಪ್ಪ, ರಾಳದ ಲೇಪವನ್ನೂ ಹೇಳಿದೆ. ಮೇಣ ಮತ್ತು ಜಿಡ್ಡು. ಇಂದಿನ ಟ್ಯೂಬಿನಲ್ಲಿ ಇರುವ ಜಾತಿಯದೇ ಸಾಮಾನು, ವಾಸನೆ ಬೇರೆ. ಶಿರಸಿ ಕಡೆಯ ನನ್ನ ಅಜ್ಜಿ ಕರಟದಲ್ಲಿ ಗಟ್ಟಿಯಾಗಿ ಕೂತ ಮುರುಗಲ ತುಪ್ಪವನ್ನು ಬಚ್ಚಲ ಒಲೆಯ ಕಾವಿಗೆ ಹಿಡಿದು, ಕರಗಿದ್ದನ್ನು ಸೀಳಿಗೆ ತುಂಬುತ್ತಿದ್ದಳು. ಉಜ್ಜುಗಲ್ಲು ಬೇರೆ ಬೇಕಿರಲಿಲ್ಲ, ಬಚ್ಚಲ ಹಾಸುಗಲ್ಲೇ ಒರಟಾಗಿತ್ತು. ನಾವು ಬಚ್ಚಲಿಗೆ ನುಣುಪು ಟೈಲ್ಸ್ ಹಾಕಿಸಿ ಅಜ್ಜಿಯನ್ನು ಒಮ್ಮೆ ಜಾರಿ ಬೀಳಿಸಿದೆವು. ಆಮೇಲೆ ಪ್ಲಾಸ್ಟಿಕ್ ಹಿಡಿಕೆಯ ಉಜ್ಜುಗಲ್ಲು ತಂದೆವು. ಈಗ ಅದೇ ಮುರುಗಲ ತುಪ್ಪ ‘ಕೋಕಮ್ ಬಟರ್’ ಎಂದು ಹೆಸರು ಬದಲಿಸಿಕೊಂಡು, ಪುಟ್ಟ ಡಬ್ಬಿಯಲ್ಲಿ, ಕೊರಿಯರಿನಲ್ಲಿ ಶಿರಸಿಗೇ ಹೋಗುತ್ತಿದೆ.

ಅತ್ತೆಯವರ ವಿಷಯ ಬಂದಾಗ ನಗು ಸ್ವಲ್ಪ ನಿಲ್ಲಿಸಬೇಕು. ಹದಿನೆಂಟು ವರ್ಷದ ಸಕ್ಕರೆ ಕಾಯಿಲೆ. “ನಂಗೆ ಕಾಲುನೋವೇ ಇಲ್ಲ ನೋಡು, ದೇವರ ದಯೆ” ಎನ್ನುತ್ತಿದ್ದರು. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಮೂರು ಪ್ರದಕ್ಷಿಣೆ ಹಾಕಿದರು. ಬೇರೆಯವರೆಲ್ಲ ಕುಣಿಯುತ್ತ ಓಡಿದರೆ ಇವರದು ಮಂದಗಮನ. ಭಕ್ತಿ ಎಂದುಕೊಂಡೆವು. ಸಂಜೆ ಅಂಗಾಲಿನಲ್ಲಿ ಬೊಬ್ಬೆ ಎದ್ದಿದ್ದವು. ನೋವಿಲ್ಲದಿದ್ದುದು ದೇವರ ದಯೆಯಿಂದಲ್ಲ, ನರ ಸತ್ತದ್ದರಿಂದ. ವೈದ್ಯರು ಮೀನಿನ ಗಾಳದ ದಾರದಂಥ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ, “ಗೊತ್ತಾಗ್ತಿದೆಯಾ?” ಎಂದು ಕೇಳುತ್ತಾ ಹೋದರು. 10 ಗ್ರಾಂ ಭಾರಕ್ಕೆ ಬಾಗುವ ಎಳೆ. ಅತ್ತೆ, “ಶುರು ಮಾಡಿ ಡಾಕ್ಟ್ರೆ” ಎಂದರು. ಅಷ್ಟು ಹೊತ್ತಿಗೆ ಪರೀಕ್ಷೆ ಮುಗಿದಿತ್ತು.

ಇಂಥವರು ಕಾಲು ನೆನೆಹಾಕಬಾರದು, ಉಜ್ಜುಗಲ್ಲು ಮುಟ್ಟಬಾರದು, ಆಣಿಗೆ ಅಂಟಿಸುವ ಆಮ್ಲದ ಪಟ್ಟಿ ಬೇಡವೇ ಬೇಡ. ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಬೇಕು. ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠರೋಗಿಗಳ ಕಾಲು ನೋಡುತ್ತ ನೋಡುತ್ತ, ಅವರ ಮಾಂಸ ತಾನಾಗಿ ಕೊಳೆಯುವುದಿಲ್ಲ, ನೋವು ತಿಳಿಯದ್ದರಿಂದ ಗಾಯದ ಮೇಲೆ ಗಾಯ ಮಾಡಿಕೊಳ್ಳುತ್ತಾರೆ ಎಂದು ಲೋಕಕ್ಕೆ ತಿಳಿಸಿಕೊಟ್ಟರು. ನೋವು ವರ ಎಂದು ಪುಸ್ತಕವನ್ನೇ ಬರೆದರು. ಆ ರೋಗಿಗಳಿಗೆಂದು ರೂಢಿಗೆ ಬಂದ ಎಂಸಿಆರ್ ರಬ್ಬರಿನ ಮೆತ್ತನೆ ಚಪ್ಪಲಿಯೇ ಇಂದು ಊರೂರಿನಲ್ಲಿ ‘ಡಯಾಬಿಟಿಕ್ ಚಪ್ಪಲಿ’ ಎಂದು ಮಾರಾಟವಾಗುತ್ತಿದೆ. ಅತ್ತೆಗೂ ಒಂದು ಜೊತೆ ತಂದೆವು. ಬಣ್ಣ ಚೆನ್ನಾಗಿಲ್ಲವೆಂದು ಅದನ್ನು ಮಂಚದ ಕೆಳಗಿಟ್ಟು ಪೂಜಿಸುತ್ತಿದ್ದಾರೆ.

ಚಪ್ಪಲಿಯ ಮಾತಿಗೆ: 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ವೇದಿಕೆಯಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿ ಮೆರೆಸಿದಾಗ ದೇಶಕ್ಕೆ ದೇಶವೇ ಕೆರಳಿತು. ಆ ಕೊಲ್ಹಾಪುರಿಯ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳ ಪಾಲೂ ಇದೆಯೆಂದು ನಮ್ಮವರು ಸರಿಯಾಗಿಯೇ ನೆನಪಿಸಿದರು. ನಾನು ವಿಡಿಯೊದಲ್ಲಿ ರೂಪದರ್ಶಿಗಳ ಹಿಮ್ಮಡಿಯನ್ನೇ ನೋಡಿದೆ. ಬೆಣ್ಣೆಯ ಮುದ್ದೆ. ಅವರು ಆ ಚಪ್ಪಲಿಯಲ್ಲಿ ನಡೆದದ್ದು ಎರಡು ನಿಮಿಷ. ಅಥಣಿಯಲ್ಲಿ ಕೊಲ್ಹಾಪುರಿ ಹೊಲಿಯುವವರ ಕಾಲನ್ನು ಯಾವ ಕ್ಯಾಮೆರಾವೂ ಕೇಳಲಿಲ್ಲ.

ಹಿಮ್ಮಡಿ ನೋಡುವ ಚಟ ಹತ್ತಿದರೆ ಬಿಡುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರ ಒಂದು ದಿನ ಬೂಟು ಬಿಚ್ಚಿದ್ದ. ಅಂಗಾಲಿನ ತುಂಬ ಸೂಜಿ ಚುಚ್ಚಿದಂಥ ಕುಳಿಗಳು, ಹತ್ತಿರ ಹೋಗಲಾಗದ ವಾಸನೆ. ಹನ್ನೆರಡು ಗಂಟೆ ಪ್ಲಾಸ್ಟಿಕ್ ಬೂಟಿನೊಳಗೆ ಬೆವರಿನಲ್ಲಿ ನೆನೆದ ಚರ್ಮವನ್ನು ಬ್ಯಾಕ್ಟೀರಿಯಾ ಮೇಯುವುದರಿಂದ ಹೀಗಾಗುತ್ತದೆ. ಕಾಲು ಒಣಗಿಸಬೇಕು, ಕಾಲುಚೀಲ ಬದಲಿಸುತ್ತಿರಬೇಕು, ವೈದ್ಯರು ಬರೆಯುವ ಆ್ಯಂಟಿಬಯಾಟಿಕ್ ಮುಲಾಮು ಹಚ್ಚಬೇಕು, ವಾಸಿಯಾಗುವಂಥದ್ದೇ. ಅವನಿಗೊಂದು ಕುರ್ಚಿ, ಇನ್ನೊಂದು ಜೊತೆ ಬೂಟು ಕೊಡೋಣವೆಂದು ನಾನು ಸಂಘದ ಸಭೆಯಲ್ಲಿ ಎತ್ತಿದೆ. ಈಜುಕೊಳದ ದೀಪದ ಬಣ್ಣ ನೀಲಿಯೋ ಹಸಿರೋ ಎಂಬ ಚರ್ಚೆ ಒಂದೂವರೆ ಗಂಟೆ ನಡೆದಿತ್ತು. ಕುರ್ಚಿಯ ವಿಷಯ ಒಂದೇ ನಿಮಿಷದಲ್ಲಿ ಇತ್ಯರ್ಥವಾಯಿತು. “ಕುರ್ಚಿ ಕೊಟ್ರೆ ನಿದ್ದೆ ಮಾಡ್ತಾನೆ” ಎಂದರು ಕಾರ್ಯದರ್ಶಿ, ಒರಗು ಕುರ್ಚಿಯಿಂದ ಬೆನ್ನು ಎತ್ತದೆ.

ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿ, 2018ರಲ್ಲಿ ‘ಕೂರುವ ಹಕ್ಕ’ನ್ನು ಕಾನೂನಿಗೆ ಬರೆಸಿದರು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ಹಕ್ಕು ಬಂದದ್ದು ಮಾತನಾಡಲಿಕ್ಕಲ್ಲ, ಆಸ್ತಿಗಲ್ಲ. ಗಿರಾಕಿ ಇಲ್ಲದಾಗ ಕೂರಲಿಕ್ಕೆ. ಕುರ್ಚಿಗಾಗಿ ಪಕ್ಷಾಂತರ ಮಾಡುವವರಿಗೆ ಯಾವ ಕಾನೂನೂ ಬೇಕಾಗಲಿಲ್ಲ ಎಂಬುದನ್ನು ಗಮನಿಸಿ.

ಹರಿದ ಸೀರೆಯ ಬದಲಿಗೆ ಹೊಸದು ಕೊಡಿಸುವ ದಂಡ ನನ್ನ ಮೇಲಿತ್ತಲ್ಲ, ಹೋದ ತಿಂಗಳು ಅದನ್ನು ತೀರಿಸಲು ಹೋದೆವು. ದೊಡ್ಡ ಅಂಗಡಿ, ನಾಲ್ಕು ಮಹಡಿ, ಬಾಗಿಲಲ್ಲೇ ಪನ್ನೀರು. ನಮಗೆ ಮೆತ್ತನೆಯ ಆಸನ, ಏಲಕ್ಕಿ ಚಹಾ. ಎದುರಿಗೆ ಬಿಳಿ ಹಾಸಿನ ಮೇಲೆ ಬರಿಗಾಲಲ್ಲಿ ನಿಂತ ಹುಡುಗಿ ಒಂದಾದ ಮೇಲೊಂದು ಸೀರೆ ಬಿಚ್ಚಿ ಹರವುತ್ತಿದ್ದಳು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಮೂವತ್ತನೆಯ ಸೀರೆಗೆ ಕಪಾಟಿನ ಕಡೆ ತಿರುಗಿದಾಗ ಹಿಮ್ಮಡಿ ಕಂಡಿತು. ನನಗೀಗ ಕಣ್ಣು ಪಳಗಿದೆ. ಇದು ಶಿಲೀಂಧ್ರವಲ್ಲ, ಥೈರಾಯ್ಡೂ ಅಲ್ಲದಿರಬಹುದು, ಹತ್ತು ಗಂಟೆಯ ನಿಲುವು ಎಂದು ಒಳಗೊಳಗೇ ಬರೆದುಕೊಂಡೆ. ನಮ್ಮಾಕೆಯೂ ನೋಡಿದಳು. ಬ್ಯಾಗಿನಿಂದ ಯೂರಿಯಾ ಟ್ಯೂಬು ತೆಗೆದು, “ತಗೊಳಮ್ಮ, ಚೆನ್ನಾಗಿದೆ” ಎಂದು ಮೆಲ್ಲಗೆ ಚಾಚಿದಳು.

ಹುಡುಗಿ ಮಹಡಿಯ ಮೂಲೆಯ ಮೇಲ್ವಿಚಾರಕನ ಕಡೆ ಒಮ್ಮೆ ಕಣ್ಣು ಹಾಯಿಸಿದಳು.

“ಇದೆ ಮೇಡಂ, ನನ್ ಹತ್ರಾನೂ ಇದೆ. ಹಚ್ಕೊಂಡು ಬಂದ್ರೆ ಬಿಳೀ ಹಾಸು ಕಲೆ ಆಗುತ್ತೆ ಅಂತ ಸಂಬಳದಲ್ಲಿ ಹಿಡೀತಾರೆ.” ಆಮೇಲೆ ಸೀರೆಯೊಂದರ ಸೆರಗನ್ನು ನಮ್ಮ ಮಡಿಲಿನತ್ತ ಬಿಡಿಸುತ್ತ, ತನ್ನ ಕಾಲನ್ನು ಜಾಗ್ರತೆಯಾಗಿ ಎಳೆಯಿಂದ ದೂರ ಎತ್ತಿಟ್ಟುಕೊಂಡು ಕೇಳಿದಳು: “ಮೊಳಕಾಲ್ಮೂರಲ್ಲೇ ಇನ್ನೊಂದು ಬಣ್ಣ ತೋರಿಸ್ಲಾ?”